ದೊಡ್ಡ ಹಾರ್ಡ್ ಡಿಸ್ಕ್ ಬರಲಿ ಅಂತ ಕಾಯಬೇಡಿ

ಶಿರಸಿ ಸುತ್ತಮುತ್ತಲಿನವರೇ, ಮನೆಯ ಫೋಟೊ, ಯಕ್ಷಗಾನದ ವಿಡಿಯೊ ಇಡಲು ಹೊಸ ದೊಡ್ಡ ಡಿಸ್ಕ್‌ಗೆ ಕಾಯುತ್ತಿದ್ದೀರಾ? ದಯವಿಟ್ಟು ಬೇಡ. ಡಿಸ್ಕ್ ತಯಾರಿಸುವ ಸೀಗೇಟ್ ಕಂಪನಿ 30 ಟಿಬಿ (ಒಂದು ಟಿಬಿ ಅಂದರೆ ಸಾವಿರ ಜಿಬಿ) ಡಿಸ್ಕ್ ಘೋಷಿಸಿದ್ದು 2024ರ ಜನವರಿಯಲ್ಲಿ. ಎಲ್ಲರಿಗೂ ಮಾರಾಟಕ್ಕೆ ಬಂದದ್ದು 2025ರ ಜುಲೈನಲ್ಲಿ. ಮೊದಲ ಸರಕು ಕಂಪನಿಗಳು ಸಾವಿರಾರು ಕಂಪ್ಯೂಟರ್ ಇಡುವ ದೊಡ್ಡ ಡೇಟಾ ಸೆಂಟರ್‌ಗಳಿಗೇ ಹೋಗುತ್ತದೆ.

ಅಷ್ಟರಲ್ಲಿ ಹಳೇ ಡಿಸ್ಕ್ ಕೈಕೊಟ್ಟರೆ? ಕಳೆದ ಮಳೆಗಾಲದಲ್ಲಿ ನನ್ನದು ಹಾಗೇ ಆಯ್ತು. ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಡಿಸ್ಕ್ ನಾಲ್ಕು ಸಲ ಟಕ್ ಟಕ್ ಅಂದು ನಿಂತೇಹೋಯಿತು. ಅಜ್ಜಿಯ ಹಾಡುಗಳು ಉಳಿದದ್ದು ತಂಗಿ ಮನೆಯಲ್ಲಿ ಇನ್ನೊಂದು ಪ್ರತಿ ಇದ್ದಿದ್ದಕ್ಕೆ.

ಈಗಲೇ 8 ಟಿಬಿಯ ಎರಡು ತಗೊಳ್ಳಿ. ಎರಡರಲ್ಲೂ ಎಲ್ಲ ಇರಲಿ, ಒಂದನ್ನು ಬೇರೆ ಮನೆಯಲ್ಲಿಡಿ. ದೊಡ್ಡದೊಂದೇ ಇದ್ದರೆ ಎಲ್ಲ ಒಟ್ಟಿಗೇ ಹೋಗುತ್ತದೆ ಅಲ್ವಾ? ಜೊತೆಗೆ ಕರೆಂಟ್ ಹೋದಾಗ ಬ್ಯಾಟರಿಯಿಂದ ಸ್ವಲ್ಪ ಹೊತ್ತು ನಡೆಸುವ ಒಂದು ಯುಪಿಎಸ್ ಕೂಡ ಹಾಕಿಸಿ.