ಹಳೇ ಮೆಷಿನ್‌ಗಳ ಮೇಲೆ ಎಕ್ಸ್ ವಿಂಡೋ: ನನ್ನ ಅನುಭವ

"ಎಕ್ಸ್ ಕಥೆ ಮುಗೀತು, ಇನ್ನೇನಿದ್ದರೂ ವೇಲ್ಯಾಂಡ್" ಅಂತ ನಮ್ಮ ಟೀಮಿನಲ್ಲಿ ಎಲ್ಲರೂ ನಗುತ್ತಿದ್ದರು. ಎಕ್ಸ್ ಅಂದರೆ ಲಿನಕ್ಸ್‌ನಂಥ ಸಿಸ್ಟಮ್‌ಗಳಲ್ಲಿ ಪರದೆ ಮೇಲೆ ವಿಂಡೋ ತೋರಿಸುವ ಹಳೇ ವ್ಯವಸ್ಥೆ, ಒಂದು ಮೆಷಿನ್‌ನಲ್ಲಿ ಓಡುವ ಪ್ರೋಗ್ರಾಂನ ವಿಂಡೋವನ್ನು ನೆಟ್‌ವರ್ಕ್ ಮೂಲಕ ಇನ್ನೊಂದರಲ್ಲಿ ತೋರಿಸಬಲ್ಲದು. ವೇಲ್ಯಾಂಡ್ ಅದರ ಜಾಗಕ್ಕೆ ಬಂದ ಹೊಸದು. ಈಗ ನಕ್ಕವರೇ ದಿನಾ ನಾನು ಕೂರಿಸಿದ ಎಕ್ಸ್ ಬಳಸುತ್ತಿದ್ದಾರೆ. ಸ್ವಲ್ಪ ಜಂಬ ಅನ್ನಿಸಿದರೂ ಪರವಾಗಿಲ್ಲ, ಬರೆಯುತ್ತೇನೆ.

ನಮ್ಮಲ್ಲಿದ್ದದ್ದು ಒಂದು ಗಟ್ಟಿ ಲಿನಕ್ಸ್ ಸರ್ವರ್ ಮತ್ತು ಸುಮಾರು 20 ಹಳೇ ಮೆಷಿನ್. ಕೆಲವು ವಿಂಡೋಸ್, ಎರಡು ಮೂರು ಮ್ಯಾಕ್, ಉಳಿದವು 2 ಜಿಬಿ ರ‍್ಯಾಮಿನ ಲಿನಕ್ಸ್. ಭಾರೀ ಸಾಫ್ಟ್‌ವೇರ್‌ಗಳೆಲ್ಲ ಸರ್ವರ್‌ನಲ್ಲಿ ಮಾತ್ರ. ಎಲ್ಲ ಮೆಷಿನ್ ಬದಲಿಸಲು ಕೊಟೇಶನ್ ತರಿಸಿದೆವು. ದುಡ್ಡಿನ ಲೆಕ್ಕ ನೋಡುವವರು ಮೊದಲ ಪುಟಕ್ಕೇ ಫೈಲ್ ಮುಚ್ಚಿದರು. ಅದಕ್ಕೇ ಪ್ರೋಗ್ರಾಂಗಳನ್ನು ಸರ್ವರ್‌ನಲ್ಲೇ ಓಡಿಸಿ, ಎಕ್ಸ್ ಮೂಲಕ ಹಳೇ ಮೆಷಿನ್‌ಗಳಲ್ಲಿ ತೋರಿಸೋಣ ಅಂದುಕೊಂಡೆ. ಕೊನೆಗೆ ನಮಗೆ ಆದ ಖರ್ಚು ಅದರ ಹತ್ತನೇ ಒಂದು ಭಾಗವೂ ಇಲ್ಲ, ಅದೂ ಸರ್ವರ್‌ನ ರ‍್ಯಾಮ್ ಮತ್ತು ಒಂದು ಒಳ್ಳೆಯ ಸ್ವಿಚ್‌ಗೆ.

ಮೊದಲು ಎಕ್ಸ್‌ಡಿಎಂಸಿಪಿ (ಬೇರೆ ಮೆಷಿನ್‌ನಿಂದ ಸರ್ವರ್‌ಗೆ ಲಾಗಿನ್ ಆಗಲು ಬಿಡುವ ಎಕ್ಸ್‌ನ ಏರ್ಪಾಡು) ಹಾಕಿ ಇಡೀ ಡೆಸ್ಕ್‌ಟಾಪನ್ನೇ ನೆಟ್‌ವರ್ಕ್ ಮೇಲೆ ಕೊಟ್ಟೆ. ನಾಲ್ಕೈದು ಜನ ಬರುವವರೆಗೆ ಚೆನ್ನಾಗಿತ್ತು, ಆಮೇಲೆ ಮೌಸ್ ಅಲ್ಲಾಡಿಸಿದರೂ ಕಾಯಬೇಕು. ಬಟನ್, ಮೆನು ತಯಾರಿಸಲು ಈಗ ಬಳಸುವ ಜಿಟಿಕೆ, ಕ್ಯೂಟಿ ಲೈಬ್ರರಿಗಳ ಪ್ರೋಗ್ರಾಂಗಳು ಚಿತ್ರವನ್ನು ತಾವೇ ಬರೆದು ಪಿಕ್ಸೆಲ್‌ಗಳನ್ನು ಕಳಿಸುತ್ತವೆ. ಒಂದೇ ಮೆಷಿನ್ ಒಳಗಾದರೆ ಶೇರ್ಡ್ ಮೆಮೊರಿಯಲ್ಲಿ ಅದು ಗೊತ್ತೇ ಆಗುವುದಿಲ್ಲ, ತಂತಿ ಮೇಲೆ ಬಂದರೆ ಗೊತ್ತಾಗುತ್ತದೆ. ಅದೇ ಹೊತ್ತಲ್ಲಿ 90ರ ದಶಕದ, ಮೋಟಿಫ್ ಅನ್ನೋ ಹಳೇ ಲೈಬ್ರರಿಯ ಒಂದು ಗ್ರಾಫ್ ಬರೆಯುವ ಪ್ರೋಗ್ರಾಂ ಗಾಳಿಯಲ್ಲಿ ತೇಲಿದಂತೆ ಓಡುತ್ತಿತ್ತು. ಅದು ಕಳಿಸುವುದು "ಇಲ್ಲಿ ಗೆರೆ ಎಳೆ, ಇಲ್ಲಿ ಅಕ್ಷರ ಬರೆ" ಅಷ್ಟೇ. 1987ರ ಎಕ್ಸ್11 ಪ್ರೋಟೋಕಾಲ್ ಇವತ್ತಿನ ಎಕ್ಸ್ ಸಾಫ್ಟ್‌ವೇರ್ ಜೊತೆಗೂ ಮಾತಾಡುತ್ತದೆ, ಅದೇನು ಸಣ್ಣ ವಿಷಯ ಅಲ್ಲ.

ಡೆಸ್ಕ್‌ಟಾಪ್ ಕೈಬಿಟ್ಟು ಬೇಕಾದ ವಿಂಡೋ ಮಾತ್ರ ಎಸ್‌ಎಸ್‌ಎಚ್ (ಇನ್ನೊಂದು ಮೆಷಿನ್‌ಗೆ ಸುರಕ್ಷಿತವಾಗಿ ಸೇರುವ ದಾರಿ) ಮೂಲಕ ತಂದ ಮೇಲೆ ದಾರಿ ಸಿಕ್ಕಿತು. ಎಕ್ಸ್ ತೋರಿಸಲು ವಿಂಡೋಸ್‌ಗೆ ವಿಸಿಎಕ್ಸ್‌ಸರ್ವ್, ಮ್ಯಾಕ್‌ಗೆ ಎಕ್ಸ್‌ಕ್ವಾರ್ಟ್ಜ್; ಎಕ್ಸ್ ಮೊದಲೇ ಇರುವ ಹಳೇ ಲಿನಕ್ಸ್‌ಗೆ ಎಫ್‌ವಿಡಬ್ಲ್ಯೂಎಂ ಅನ್ನೋ ಹಗುರ ವಿಂಡೋ ಮ್ಯಾನೇಜರ್. ಸರ್ವರ್‌ನ ಪ್ರೋಗ್ರಾಂ ನಮ್ಮದೇ ಮೆಷಿನ್‌ನ ವಿಂಡೋಗಳ ಪಕ್ಕ ಬಂದು ಕೂರುತ್ತದೆ, ಯಾವುದು ಎಲ್ಲಿ ಓಡುತ್ತಿದೆ ಅಂತ ಬಳಸುವವರಿಗೆ ತಿಳಿಯುವುದೇ ಇಲ್ಲ.

ಇಲ್ಲೊಂದು ಕಾಟ ಇತ್ತು. ಮ್ಯಾಕ್‌ಗಳಲ್ಲಿ ಬೆಳಿಗ್ಗೆ ಎಲ್ಲ ಸರಿ, ಸ್ವಲ್ಪ ಹೊತ್ತಾದ ಮೇಲೆ ಹೊಸ ವಿಂಡೋ ತೆರೆಯಲ್ಲ. ಓಪನ್‌ಎಸ್‌ಎಸ್‌ಎಚ್‌ನಲ್ಲಿ (ನಾವು ಬಳಸುವ ಎಸ್‌ಎಸ್‌ಎಚ್ ಪ್ರೋಗ್ರಾಂ) ಕಮಾಂಡಿಗೆ ಮೈನಸ್ ದೊಡ್ಡ ಎಕ್ಸ್ (-X) ಕೊಟ್ಟರೆ ಅನುಮತಿ ಸಿಗುವುದು 20 ನಿಮಿಷಕ್ಕೆ ಮಾತ್ರ. ಡೆಬಿಯನ್ ಅನ್ನೋ ಲಿನಕ್ಸ್ ತನ್ನ ಡೀಫಾಲ್ಟನ್ನು ಬದಲಿಸಿಕೊಂಡಿದೆ, ಅದಕ್ಕೇ ಲಿನಕ್ಸ್ ಮೆಷಿನ್‌ಗಳಲ್ಲಿ ಕಾಣಲಿಲ್ಲ. ನಂಬಿಕೆಯ ಸರ್ವರ್ ಆದರೆ ಮೈನಸ್ ದೊಡ್ಡ ವೈ (-Y) ಕೊಡಿ. ಇದರ ಬದಲು ಯಾರೋ ಎಕ್ಸ್‌ಹೋಸ್ಟ್ ಪ್ಲಸ್ (ಯಾರು ಬೇಕಾದರೂ ನಿಮ್ಮ ಪರದೆಗೆ ಸೇರಬಹುದು ಅನ್ನುವ ಕಮಾಂಡ್) ಹೊಡೆದು "ಕೆಲಸ ಆಯ್ತಲ್ಲ" ಅಂದರು! ಹಾಗೆ ಬಾಗಿಲು ತೆರೆದರೆ ನೀವು ಒತ್ತುವ ಕೀಗಳನ್ನೆಲ್ಲ ಬೇರೆಯವರು ಓದಬಹುದು, ಪಾಸ್‌ವರ್ಡ್ ಸಮೇತ.

ಮನೆಯಿಂದ ಕೆಲಸ ಮಾಡುವವರ ಕಥೆ ಬೇರೆ. ನಿಧಾನ ಅಂತ ದುಡ್ಡು ಸುರಿದು ಜಾಸ್ತಿ ಬ್ಯಾಂಡ್‌ವಿಡ್ತ್ ತೆಗೆದುಕೊಂಡರು, ಚೂರೂ ಫರಕ್ ಬೀಳಲಿಲ್ಲ. ಪ್ರೋಗ್ರಾಂ ಒಂದು ಮೆನು ತೆರೆಯಲು ಹತ್ತಾರು ಸಲ ಕೇಳಿ ಉತ್ತರಕ್ಕೆ ಕಾಯುತ್ತದೆ. ಒಂದು ಸಲ ಹೋಗಿಬರಲು 80 ಮಿಲಿಸೆಕೆಂಡ್ ಅಂದರೂ ಲೆಕ್ಕ ಹಾಕಿ ನೋಡಿ. ಅಂಥವರಿಗೆ ಎಕ್ಸ್‌ಪ್ರಾ ಹಾಕಿಕೊಟ್ಟೆ, ಅದು ಪ್ರೋಗ್ರಾಂನ ವಿಂಡೋವನ್ನು ಸರ್ವರ್‌ನಲ್ಲೇ ಹಿಡಿದಿಟ್ಟು ಅದರ ಚಿತ್ರ ಮಾತ್ರ ಕಳಿಸುತ್ತದೆ. ನೆಟ್ ಹೋದರೂ ಪ್ರೋಗ್ರಾಂ ಸಾಯಲ್ಲ, ಮತ್ತೆ ಸೇರಿಕೊಂಡರೆ ಬಿಟ್ಟಲ್ಲೇ ಇರುತ್ತದೆ. ಬರೀ ಎಸ್‌ಎಸ್‌ಎಚ್‌ನಲ್ಲಾದರೆ ಲೈನ್ ಕಟ್ ಆಯ್ತೆಂದರೆ ವಿಂಡೋನೂ ಹೋಯ್ತು.

ಸುಮ್ನೆ ಕುತೂಹಲಕ್ಕೆ ತ್ರೀಡಿನೂ ನೋಡಿದೆ. ಗಿಯರ್ ತಿರುಗಿಸಿ ತೋರಿಸುವ ಪುಟ್ಟ ಪರೀಕ್ಷೆ ಜಿಎಲ್‌ಎಕ್ಸ್‌ಗಿಯರ್ಸ್ ಚೆನ್ನಾಗಿ ತಿರುಗಿತು, ನಿಜವಾದ ಮಾಡೆಲ್ ಹಾಕಿದಾಗ ಕೂತುಬಿಟ್ಟಿತು. ವರ್ಚುವಲ್‌ಜಿಎಲ್ ಅನ್ನೋ ಸಾಫ್ಟ್‌ವೇರ್ ಹಾಕಿ ಸರ್ವರ್‌ನ ಗ್ರಾಫಿಕ್ಸ್ ಕಾರ್ಡಿನಲ್ಲೇ ಚಿತ್ರ ತಯಾರಿಸಿ ಕಳಿಸಿದಾಗ ಒಂದು ಮಟ್ಟಕ್ಕೆ ಬಂತು. ಇನ್ನೂ ಆಡಬೇಕು ಅದರ ಜೊತೆ.

ಜಿಟಿಕೆ ಪ್ರೋಗ್ರಾಂಗಳನ್ನು ಹಗುರ ಮಾಡುವ ಸೆಟ್ಟಿಂಗ್‌ಗಳ ಒಂದು ಸ್ಕ್ರಿಪ್ಟ್ ಇದೆ. ಅದನ್ನು ಸದ್ಯಕ್ಕೆ ಕೊಡಲ್ಲ, ಕೇಳಬೇಡಿ.

ಹೊಸದಾಗಿ ಬಂದ ಲ್ಯಾಪ್‌ಟಾಪ್‌ಗಳಲ್ಲಿ ವೇಲ್ಯಾಂಡ್ ಇದೆ ನಿಜ. ಅದರೊಳಗೆ ಎಕ್ಸ್ ಪ್ರೋಗ್ರಾಂಗಳನ್ನೂ ತೋರಿಸುವ ಎಕ್ಸ್‌ವೇಲ್ಯಾಂಡ್ ಇರುವುದರಿಂದ ನನ್ನ ಏರ್ಪಾಡಿಗೆ ಏನೂ ಆಗಿಲ್ಲ, ಅದೇ ಕಮಾಂಡ್, ಅದೇ ವಿಂಡೋ. ಶಬ್ದ ಮಾತ್ರ ಎಕ್ಸ್ ಒಳಗೆ ಬರಲ್ಲ. ಅದಕ್ಕೆ ಪಲ್ಸ್‌ಆಡಿಯೋ (ಲಿನಕ್ಸ್‌ನ ಶಬ್ದ ವ್ಯವಸ್ಥೆ) ಬೇರೆ ದಾರಿಯಲ್ಲಿ ತರಬೇಕು, ನಮ್ಮಲ್ಲಿ ಯಾರೂ ಕೇಳಿಲ್ಲ ಅಂತ ನಾನೂ ಮುಟ್ಟಿಲ್ಲ.