ನಮ್ಮ ಓಣಿಯನ್ನೇ ನೋಡುತ್ತಾ ನಡೆಯೋದು ಹೇಗೆ?

ಹೋದ ಬೇಸಿಗೆಯಲ್ಲಿ ನನ್ನ ಸ್ಕೂಟಿ ಕೆಟ್ಟಿತು. ಮೆಕ್ಯಾನಿಕ್ 12 ದಿನ "ನಾಳೆ ಬರ್ರಿ" ಅಂದ. ಅಷ್ಟೂ ದಿನ ಕಲಬುರಗಿಯ ಬ್ರಹ್ಮಪುರದ ಓಣಿಗಳಲ್ಲಿ ನಡೆದೇ ಓಡಾಡಿದೆ. ಇಷ್ಟು ವರ್ಷ ಇಲ್ಲೇ ಇದ್ದು ಏನೂ ನೋಡಿಲ್ಲ ಅಂತ ಆಗ ಗೊತ್ತಾಯಿತು.

ಮೊದಲು ಹೊತ್ತು ನೋಡಿಕೊಳ್ಳಿ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಅಂದ್ರೆ ಮಾಮೂಲು. ಮುಂಜಾನೆ 7ರೊಳಗೆ ಮನೆ ಸೇರಿಬಿಡಿ. ಹೆಜ್ಜೆ ಎಣಿಸುವ ವಾಚ್ ಬೇಡ, ಇದರಲ್ಲಿ ನಿಲ್ಲೋದೇ ಜಾಸ್ತಿ.

ದಿನಕ್ಕೆ ಒಂದೇ ಸಂಗತಿ ಸಾಕು. ಎಲ್ಲಾ ನೋಡ್ತೀನಿ ಅಂತ ಹೊರಟರೆ ಮನೆಗೆ ಬಂದು ಹೇಳೋಕೆ ಒಂದೂ ಇರಲ್ಲ. ನಾನು ಕಲ್ಲಿನಿಂದ ಶುರು ಮಾಡಿದೆ. ನಮ್ಮ ಕಡೆ ಹಳೇ ಮನೆಗಳ ನೆಲ, ಕಟ್ಟೆ, ಗಟಾರದ ಮೇಲಿನ ಹಾಸು, ಎಲ್ಲಾ ಶಹಾಬಾದ್ ಫರಸಿಯೇ ಅಲ್ವಾ? ಮುರಿದ ಫರಸಿ ಕಂಡರೆ ಕುಕ್ಕರುಗಾಲಲ್ಲಿ ಕೂತು ಅದರ ಅಂಚು ನೋಡಿ. ರೊಟ್ಟಿ ಒಂದರ ಮೇಲೊಂದು ಇಟ್ಟ ಹಾಗೆ ಪದರ ಪದರ. ಗಣಿಯಲ್ಲೂ ಅದು ಹೀಗೇ ಹಾಸುಹಾಸಾಗಿ ಏಳುತ್ತದೆ, ಅದಕ್ಕೇ ಅಷ್ಟು ಸಪಾಟು.

ಆಮೇಲೆ ನಿಂಬೂ ಸೋಡಾ ಗಾಡಿ ನಿಲ್ಲುವ ಮೂಲೆಗೆ ಹೋಗಿ. ಬೆಳಿಗ್ಗೆ ಗಾಡಿ ಇರಲ್ಲ, ಆದರೂ ಜಾಗ ತಿಳಿಯುತ್ತದೆ. ಬೂದು ಫರಸಿ ಮೇಲೆ ಅಲ್ಲಲ್ಲಿ ಮಂಕಾದ ಬಿಳಿ ಚುಕ್ಕಿ. ಕಲ್ಲು ಸುಣ್ಣದ ಜಾತಿಯದು, ನಿಂಬೆಹುಳಿ ಅದನ್ನು ತಿನ್ನುತ್ತದೆ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಸುಣ್ಣದ ಕಲ್ಲಿಗಾಗಿಯೇ. ಕಟ್ಟೆ ಮೇಲೆ ನಿಂಬೆಹಣ್ಣು ಹೆಚ್ಚಿದರೆ ಅವ್ವ ಯಾಕೆ ಬೈಯುತ್ತಿದ್ದಳು ಅಂತ ಅಲ್ಲಿ ನಿಂತು ಅರ್ಥವಾಯಿತು.

ಕಂಡದ್ದನ್ನು ಬರೆದಿಡಿ, ಒಂದೇ ಸಾಲು. ನನಗೆ ಹಾಲಿನ ಲೆಕ್ಕದ ಕ್ಯಾಲೆಂಡರೇ ಸಾಕಾಯಿತು. "ಅರ್ಧ ಲೀಟರ್. ನಿಂಬೂ ಕಲೆ."

ಇನ್ನೊಂದು ದಿನ ಕಿವಿಗೆ ಕೆಲಸ ಕೊಡಿ. ಆರೂವರೆಗೆ ಸುಮ್ನೆ ನಿಂತರೆ ನಾಲ್ಕಾರು ಮನೆಯಿಂದ ಜೋಳದ ರೊಟ್ಟಿ ಬಡಿಯುವ ಸದ್ದು. ಹಿಟ್ಟು ದಪ್ಪ ಇದ್ದಾಗ ಸದ್ದು ಮೆತ್ತಗೆ. ತೆಳುವಾದಂತೆ ಟಪಟಪ ಏರುತ್ತದೆ. ಥಟ್ಟನೆ ನಿಂತಿತು ಅಂದ್ರೆ ರೊಟ್ಟಿ ಹಂಚಿಗೆ ಬಿತ್ತು ಅಂತ. ಆದರೆ ಯಾರ ಬಾಗಿಲಲ್ಲೂ ಇಣುಕಬೇಡಿ, ಮೊಬೈಲ್ ಎತ್ತಲೇಬೇಡಿ. ತಿಳಿಯಬೇಕಾದರೆ ಬಾಯಿಬಿಟ್ಟು ಕೇಳಿ.

ಒಂದು ಮನೆಯ ಬಡಿತದಲ್ಲಿ ಬಳೆ ಸದ್ದೇ ಇರಲಿಲ್ಲ. ಮೂರು ದಿನ ತಡೆದೆ. ನಾಲ್ಕನೇ ದಿನ ಆ ಮನೆಯ ಯಜಮಾನರು ಕಟ್ಟೆ ಮೇಲೆ ಸಿಕ್ಕರು, ಮುಂಗೈಯೆಲ್ಲಾ ಹಿಟ್ಟು. ನಾನು ಕೇಳುವ ಮೊದಲೇ ನಕ್ಕರು. "ಆಕಿ ಕೈ ನೋಯಾಕತ್ತಾದ್ರಿ. ನಂದು ಇನ್ನಾ ದುಂಡಗ ಬರವಲ್ದು."