ತರಗತಿಯಲ್ಲೇ ಕುಳಿತು ಲೋಣಾರ್ ನೋಡುವ ಬಗೆ

ಉಲ್ಕೆ ಬಿದ್ದು ಆದ ಕುಳಿಯಲ್ಲಿ ನೀರು ನಿಂತ, ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರಕ್ಕೆ ಮಕ್ಕಳನ್ನು ಕರೆದೊಯ್ಯುವಷ್ಟು ದುಡ್ಡು ಮುಂಬಯಿಯ ನಮ್ಮ ಕನ್ನಡ ಶಾಲೆಯಲ್ಲಿಲ್ಲ; ಗೂಗಲ್ ಅರ್ಥ್ ಇದೆ. ಆದರೆ ಕಂಪ್ಯೂಟರನ್ನು ಕೂಡಲೇ ಹಚ್ಚಬೇಡಿ. ಮೊದಲು ಅಗಲ ತಟ್ಟೆಯಲ್ಲಿ ಮೈದಾಹಿಟ್ಟು ದಪ್ಪಗೆ ಹರಡಿ, ಮೇಲೆ ತೆಳ್ಳಗೆ ಅರಿಸಿನ ಉದುರಿಸಿ, ಮಕ್ಕಳಿಂದಲೇ ಗೋಲಿ ಬೀಳಿಸಿ. ಒಳಗಿನ ಬಿಳಿ ಹಿಟ್ಟು ಹಳದಿಯ ಮೇಲೆ ಚಿಮ್ಮಿ, ಗುಂಡಿಯ ಸುತ್ತ ಸಣ್ಣ ದಂಡೆ ಏಳುತ್ತದೆ. (ಸಮವಸ್ತ್ರಕ್ಕೆ ಅರಿಸಿನ ತಗುಲಿದರೆ ತಾಯಂದಿರ ಬೈಗುಳ ನಿಮಗೇ.) ಈಗ ಲೋಣಾರ್ ತೆರೆಯಿರಿ. ಹಿಂದಿನ ಬೆಂಚಿನವಳಿಗೆ ಮೌಸ್ ಕೊಟ್ಟು, ನೀರನ್ನಲ್ಲ, ಕುಳಿಯನ್ನು ಅಂಚಿನಿಂದ ಅಂಚಿಗೆ ಅಳೆಯಲು ಹೇಳಿ: ಸುಮಾರು 1.8 ಕಿಲೋಮೀಟರ್ ಬರಬೇಕು. ಉಲ್ಕೆ ಅಪ್ಪಳಿಸಿದ್ದು ಬಸಾಲ್ಟ್ ಬಂಡೆಗೆ. ಅಂಥ ಕರಿಕಲ್ಲಿನ ಜಲ್ಲಿಯೊಂದನ್ನು ಕೈಯಿಂದ ಕೈಗೆ ದಾಟಿಸಿ. ಚಿತ್ರಗಳನ್ನು ಹಿಂದಿನ ದಿನವೇ ಉಳಿಸಿಡಿ. ಕಳೆದ ಮಳೆಗಾಲದಲ್ಲಿ ಇಂಟರ್ನೆಟ್ ಕೈಕೊಟ್ಟಾಗ ನನಗೆ ಉಳಿದದ್ದು ಆ ಹಿಟ್ಟಿನ ತಟ್ಟೆಯೊಂದೇ.